ಎಳೆಯ ಮೂತ್ರನಾಳಕ್ಕೆ ಹೊಲಿಗೆ: ಲ್ಯಾಪರೊಸ್ಕೋಪಿ ಮತ್ತು ರೋಬೋಟ್

ಕೇಳುಗರಿಗೆ ನಮಸ್ಕಾರ.

ಕೆಲವು ಮಕ್ಕಳಲ್ಲಿ ಮೂತ್ರಪಿಂಡದಿಂದ ಮೂತ್ರನಾಳ ಹೊರಡುವ ಜಾಗ ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ಮೂತ್ರ ಸರಾಗವಾಗಿ ಇಳಿಯದೆ ಮೂತ್ರಪಿಂಡ ಊದಿಕೊಂಡು ಅದರ ಕಾರ್ಯ ಕುಂದತೊಡಗಿದಾಗ, ಕಿರಿದಾದ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಮತ್ತೆ ಜೋಡಿಸಬೇಕಾಗುತ್ತದೆ. ಪೈಲೋಪ್ಲಾಸ್ಟಿ ಎಂಬ ಈ ಶಸ್ತ್ರಚಿಕಿತ್ಸೆಯ ನಿಜವಾದ ಕಷ್ಟವಿರುವುದು ಹೊಲಿಗೆಯಲ್ಲಿ. ನಾಳದ ಅಗಲ ಕೆಲವೇ ಮಿಲಿಮೀಟರ್. ಹೊಲಿಗೆ ಸಡಿಲವಾದರೆ ಮೂತ್ರ ಸೋರುತ್ತದೆ, ಅತಿಯಾಗಿ ಬಿಗಿದರೆ ಅಂಗಾಂಶಕ್ಕೆ ರಕ್ತ ಸಾಲದೆ ನಾಳ ಮತ್ತೆ ಕಿರಿದಾಗಬಹುದು.

ಲ್ಯಾಪರೊಸ್ಕೋಪಿಯಲ್ಲಿ ಸಣ್ಣ ರಂಧ್ರಗಳ ಮೂಲಕ 3 ಅಥವಾ 5 ಮಿಲಿಮೀಟರ್ ದಪ್ಪದ, ನೀಳವಾದ ನೇರ ಉಪಕರಣಗಳನ್ನು ಒಳಗಿಳಿಸುತ್ತಾರೆ. ಹೊಟ್ಟೆಯ ಗೋಡೆಯೇ ಇವುಗಳಿಗೆ ಆನಿಕೆಯಾಗುವುದರಿಂದ, ವೈದ್ಯರ ಕೈ ಬಲಕ್ಕೆ ಸರಿದರೆ ಒಳಗಿನ ತುದಿ ಎಡಕ್ಕೆ ಸರಿಯುತ್ತದೆ. ತುದಿಗೆ ಮಣಿಕಟ್ಟಿನ ಬಾಗುವಿಕೆಯಿಲ್ಲ; ಆದ್ದರಿಂದ ಬಾಗಿದ ಸೂಜಿಯನ್ನು ಸರಿಯಾದ ಕೋನದಲ್ಲಿ ಹಿಡಿಯುವುದಕ್ಕೇ ಎರಡು ಮೂರು ಬಾರಿ ಹೊರಳಿಸಬೇಕಾಗುತ್ತದೆ. ಈ ಕೌಶಲ ಕೈಗೆ ಹತ್ತಲು ವರ್ಷಗಳ ಅಭ್ಯಾಸ ಬೇಕು.

ಇದೇ ಹೊಲಿಗೆಯನ್ನು ರೋಬೋಟಿನ ನೆರವಿನಿಂದಲೂ ಹಾಕಬಹುದು. ಆದರೆ ರೋಬೋಟ್ ತಾನಾಗಿ ಹೊಲಿಯುವುದಿಲ್ಲವೆಂಬುದನ್ನು ಪೋಷಕರು ಮೊದಲು ತಿಳಿಯಬೇಕು. ತುಸು ದೂರದಲ್ಲಿ ಕುಳಿತ ಶಸ್ತ್ರವೈದ್ಯರು, ಆಳ ತೋರುವ ಹಿಗ್ಗಿದ ದೃಶ್ಯವನ್ನು ನೋಡುತ್ತಾ ಬೆರಳಾಡಿಸಿದಂತೆ, ಅದರ ಉಪಕರಣದ ತುದಿ ಮಣಿಕಟ್ಟಿನಂತೆ ಎಲ್ಲ ದಿಕ್ಕಿಗೂ ತಿರುಗುತ್ತದೆ. ಕೈನಡುಕ ಒಳಗೆ ತಲುಪುವುದಿಲ್ಲ; ಹೊರಗಿನ ದೊಡ್ಡ ಚಲನೆ ಒಳಗೆ ಚಿಕ್ಕದಾಗುತ್ತದೆ. ನಾಳದ ಹಿಂಬದಿಯ ಹೊಲಿಗೆಗಳಲ್ಲಿ ಇದರ ಉಪಕಾರ ದೊಡ್ಡದು.

ಆದರೆ 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಡಾ ವಿಂಚಿ’ ಎಂಬ ಶಸ್ತ್ರಚಿಕಿತ್ಸಾ ರೋಬೋಟಿನಂಥ ಯಂತ್ರಗಳು ಮುಖ್ಯವಾಗಿ ವಯಸ್ಕರ ದೇಹಕ್ಕೆಂದು ರೂಪುಗೊಂಡವು. ಸಾಮಾನ್ಯವಾಗಿ 8 ಮಿಲಿಮೀಟರ್ ದಪ್ಪವಿರುವ ಅವುಗಳ ಉಪಕರಣಗಳಿಗೆ ಮೂರು ತಿಂಗಳ ಕೂಸಿನ ಹೊಟ್ಟೆಯಲ್ಲಿ ಜಾಗ ತೀರಾ ಇಕ್ಕಟ್ಟು. ಹೊರಗೆ ಯಂತ್ರದ ತೋಳುಗಳು ಒಂದಕ್ಕೊಂದು ತಾಗಬಹುದು. ಇನ್ನೊಂದು ಕೊರತೆ ಸ್ಪರ್ಶದ್ದು. ಬಹುಪಾಲು ಯಂತ್ರಗಳಲ್ಲಿ ದಾರದ ಬಿಗಿತ ಕೈಗೆ ತಿಳಿಯುವುದಿಲ್ಲ. ಅಂಗಾಂಶ ಬಿಳಿಚಿಕೊಳ್ಳುವುದನ್ನು ನೋಡಿಯೇ ಅಂದಾಜಿಸಬೇಕು, ತಪ್ಪಿದರೆ ಕೂದಲೆಳೆಯಂಥ ದಾರ ತುಂಡಾಗುತ್ತದೆ.

ಅನುಭವಿ ಕೈಗಳಲ್ಲಿ ಎರಡೂ ವಿಧಾನಗಳ ಯಶಸ್ಸು ಶೇಕಡಾ 90ಕ್ಕೂ ಮಿಗಿಲು. ಆದ್ದರಿಂದ ಪುಟ್ಟ ಕೂಸುಗಳಿಗೆ 3 ಮಿಲಿಮೀಟರ್ ಉಪಕರಣಗಳ ಲ್ಯಾಪರೊಸ್ಕೋಪಿಯೋ ತೆರೆದ ಶಸ್ತ್ರಚಿಕಿತ್ಸೆಯೋ ಹೆಚ್ಚು ಸೂಕ್ತವೆಂದೂ, ರೋಬೋಟಿನ ಹೆಚ್ಚಿನ ಖರ್ಚಿಗೆ ಅರ್ಥ ಬರುವುದು ತುಸು ದೊಡ್ಡ ಮಕ್ಕಳಲ್ಲಿ, ಅದರಲ್ಲೂ ಮೊದಲ ಜೋಡಣೆ ವಿಫಲವಾಗಿ ಗಾಯದ ಕಲೆಗಳ ನಡುವೆ ಮತ್ತೆ ಹೊಲಿಯಬೇಕಾದಾಗ ಎಂದೂ ನನ್ನ ಅಭಿಪ್ರಾಯ.