ನೆಲ ಡೊಂಕೋ, ಗಾಗಲ್ಸ್ ಹಳತೋ?

ನಮಸ್ಕಾರ. ಇವತ್ತು ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ಆಮೇಲೆ ಹೊಸ ಗಾಗಲ್ಸ್ ಯಾವಾಗ ತಗೋಬೇಕು ಅನ್ನುವ ವಿಷಯಕ್ಕೆ ಬರೋಣ.

ಎರಡು ಮರಗಳ ನಡುವೆ ಒಂದು ಸಂದು. ನನ್ನದು ಐದಿಂಚಿನ ಕ್ವಾಡ್, ಅಂದರೆ ಐದಿಂಚಿನ ಪ್ರಾಪ್ (ತಿರುಗುವ ರೆಕ್ಕೆ) ಇರುವ ನಾಲ್ಕು ಮೋಟರಿನ ಡ್ರೋನ್. ಅದರ ಕ್ಯಾಮೆರಾ ಕಂಡದ್ದನ್ನು ಕಣ್ಣಿಗೆ ಕಟ್ಟಿಕೊಂಡ ಗಾಗಲ್ಸ್ ಪರದೆಯಲ್ಲಿ ನೋಡುತ್ತ ಹಾರಿಸುವುದು. ಮೂರು ಸಲ ಆರಾಮಾಗಿ ನುಗ್ಗಿ ಆಚೆ ಹೋಗಿದ್ದೆ. ನಾಲ್ಕನೇ ಸಲ ಒಂದು ಒಣ ಕೊಂಬೆಗೆ ಬಡಿದು ಕೆಳಗೆ ಬಿತ್ತು. ಗಾಗಲ್ಸ್ ತೆಗೆದವನೇ ಪಕ್ಕದಲ್ಲಿದ್ದ ಗೆಳೆಯನಿಗೆ ಹೇಳಿದೆ: "ಏನೂ ಕಾಣಲಿಲ್ಲ ಮಾರಾಯ. ಈ ಗಾಗಲ್ಸ್ ಸಾಕಾಯ್ತು, ಹೊಸದು ತಗೋಬೇಕು." ಅವನು ಸುಮ್ನೆ ತಲೆ ಆಡಿಸಿದ.

ರಾತ್ರಿ ಡಿವಿಆರ್ (ಗಾಗಲ್ಸ್ ಒಳಗಿನ ರೆಕಾರ್ಡರ್) ರೆಕಾರ್ಡಿಂಗ್ ಹಾಕಿ ಕೂತೆ. ಒಂದೊಂದೇ ಫ್ರೇಮ್ ಹಿಂದಕ್ಕೆ ಸರಿಸಿದೆ. ಕೊಂಬೆ ಇದೆ! ಬಡಿಯುವುದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಮುಂಚಿನಿಂದ, ಚಿತ್ರದ ಎಡಗಡೆ, ಕಪ್ಪಗೆ ಅಡ್ಡ ನಿಂತಿದೆ. ಗಾಗಲ್ಸ್ ಪಾಪ ತೋರಿಸಿತ್ತು. ನಾನು ನೋಡಿರಲಿಲ್ಲ ಅಷ್ಟೆ. ಸಂದು ದಾಟಿದ ಮೇಲೆ ಹೇಗೆ ತಿರುಗಿಸಬೇಕು ಅಂತ ಆಗಲೇ ಲೆಕ್ಕ ಹಾಕುತ್ತಿದ್ದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎಫ್‌ಪಿವಿ (ಹೀಗೆ ಡ್ರೋನ್ ಕಣ್ಣಲ್ಲೇ ನೋಡುತ್ತ ಹಾರಿಸುವುದು) ಹಾರಿಸುವ ನಮ್ಮೆಲ್ಲರ ಪಾಲಿಗೆ ಆ ನೆಲ ಅಂದರೆ ಗಾಗಲ್ಸ್. ಕ್ರ್ಯಾಶ್ ಆದಾಗ ಮೊದಲು ಬೈಸಿಕೊಳ್ಳುವುದು ಅದೇ, ಅಲ್ವಾ?

ಹೊಸ ಗಾಗಲ್ಸ್ ಚೆನ್ನಾಗಿದೆಯಾ ಅಂತ ನನ್ನನ್ನು ಕೇಳಬೇಡಿ. ಚೆನ್ನಾಗಿಯೇ ಇರುತ್ತದೆ. ಹೊಸದು ಯಾವತ್ತೂ ಹಳೆಯದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಹಿಂದಿನ ಹತ್ತು ಕ್ರ್ಯಾಶ್‌ಗಳಲ್ಲಿ ಎಷ್ಟನ್ನು ಗಾಗಲ್ಸ್ ಮಾಡಿಸಿತು? ರೆಕಾರ್ಡಿಂಗ್ ಹಾಕಿ ನೋಡಿ. ಬಡಿಯುವ ಮುಂಚಿನ ಎರಡು ಸೆಕೆಂಡ್ ಸಾಕು. ಬಡಿದ ವಸ್ತು ಚಿತ್ರದಲ್ಲಿ ಕಾಣುತ್ತಿದ್ದರೆ ತಪ್ಪು ನಿಮ್ಮ ಹೆಬ್ಬೆರಳಿನದು. ಕಾಣದಿದ್ದರೆ, ಅಥವಾ ಚಿತ್ರವೇ ಹೋಗಿದ್ದರೆ, ಆಗ ಮುಂದಿನ ಮಾತು. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಅನಲಾಗ್ (ಹಳೇ ಟಿವಿಯಂತೆ ಸಿಗ್ನಲ್ ಹಿಡಿಯುವ) ಗಾಗಲ್ಸ್‌ನ ಡಿವಿಆರ್ ಸಾಮಾನ್ಯವಾಗಿ ನೀವು ಕಣ್ಣಲ್ಲಿ ನೋಡಿದ್ದಕ್ಕಿಂತ ಕೆಟ್ಟದಾಗಿ ರೆಕಾರ್ಡ್ ಮಾಡುತ್ತದೆ. ಹಾಗಾಗಿ ರೆಕಾರ್ಡಿಂಗಿನಲ್ಲೇ ಕಂಡರೆ, ಹಾರಿಸುವಾಗ ಇನ್ನೂ ಚೆನ್ನಾಗಿ ಕಂಡಿತ್ತು ಅಂತಲೇ ಲೆಕ್ಕ. ತಪ್ಪಿಸಿಕೊಳ್ಳುವ ದಾರಿ ಇಲ್ಲ.

ನಾನು ನನ್ನ ಹತ್ತನ್ನು ನೋಡಿದೆ. ಏಳು ನನ್ನದೇ ಘನಕಾರ್ಯ. ಒಂದರಲ್ಲಿ ಪ್ರಾಪ್ ಮೊದಲೇ ಸೀಳಿತ್ತು. ಎರಡರಲ್ಲಿ ಮಾತ್ರ ಚಿತ್ರ ನಿಜವಾಗಿಯೂ ಹೋಗಿತ್ತು. ಆ ಎರಡರ ಹಿಂದೆ ಬಿದ್ದೆ ನೋಡಿ, ಅಲ್ಲಿದೆ ಮಜಾ.

ಆ ಎರಡು ಕ್ರ್ಯಾಶ್‌ಗೆ ಸ್ವಲ್ಪ ದಿನ ಮುಂಚೆ ಗಾಗಲ್ಸ್‌ಗೆ ಹೊಸ ಆಂಟೆನಾ ಹಾಕಿದ್ದೆ. ತಿರುಪು ಸರಿಯಾಗಿ ಕೂತಿತ್ತು, ಬಿಗಿಯಾಗಿಯೂ ಇತ್ತು. ಆದರೂ ಕ್ವಾಡ್ ಸ್ವಲ್ಪ ದೂರ ಹೋದರೆ ಚಿತ್ರದ ತುಂಬ ಹಿಮದಂತೆ ಬಿಳಿ ಚುಕ್ಕೆ ಬೀಳುತ್ತಿತ್ತು. ರಿಸೀವರ್ ಕೆಟ್ಟಿತು, ಗಾಗಲ್ಸ್ ಮುದಿಯಾಯಿತು ಅಂತ ಅಂದುಕೊಂಡೆ. ಒಂದು ದಿನ ಆಂಟೆನಾ ಬಿಚ್ಚಿ ಬೆಳಕಿಗೆ ಹಿಡಿದೆ. ಮಧ್ಯದಲ್ಲಿ ಪಿನ್ ಇರಬೇಕಾದ ಕಡೆ ತೂತು! ಗಾಗಲ್ಸ್ ಕಡೆಯ ಸಾಕೆಟ್‌ನಲ್ಲೂ ತೂತು. ಅಂದರೆ ಇಷ್ಟು ದಿನ ತೂತಿಗೆ ತೂತು ಮುಖ ಮಾಡಿ ಕೂತಿತ್ತು. ನಾನು ತಂದದ್ದು ಆರ್‌ಪಿ-ಎಸ್‌ಎಂಎ ಆಂಟೆನಾ, ಗಾಗಲ್ಸ್‌ನಲ್ಲಿದ್ದದ್ದು ಎಸ್‌ಎಂಎ. ಆಂಟೆನಾ ಕೂರಿಸುವ ಕನೆಕ್ಟರ್‌ನ ಎರಡು ಜಾತಿ ಇವು, ಎರಡರ ತಿರುಪೂ ಒಂದೇ ಅಳತೆ. ಹಾಗಾಗಿ ಸಲೀಸಾಗಿ ಕೂರುತ್ತವೆ. ಒಳಗೆ ಮಾತ್ರ ತಂತಿಗೆ ತಂತಿ ತಾಗುವುದೇ ಇಲ್ಲ. ಹತ್ತಿರದಲ್ಲಿ ಸಿಗ್ನಲ್ ಹೇಗೋ ಜಾರಿಕೊಂಡು ಬರುವುದರಿಂದ ಅನುಮಾನವೂ ಬರುವುದಿಲ್ಲ. ಸರಿಯಾದ ಆಂಟೆನಾ ಹಾಕಿದೆ. ಆ "ಮುದಿ" ಗಾಗಲ್ಸ್ ಮತ್ತೆ ಹುಡುಗನಾಯಿತು.

ಆಂಟೆನಾ ವಿಷಯದಲ್ಲಿ ಇನ್ನೊಂದಿದೆ. ಈಗ ಬರುವ ಆಂಟೆನಾಗಳಲ್ಲಿ ಹೆಚ್ಚಿನವು ಅಲೆಯನ್ನು ಸುರುಳಿಯಂತೆ ತಿರುಗಿಸಿ ಬಿಡುತ್ತವೆ. ಕೆಲವು ಬಲಕ್ಕೆ, ಕೆಲವು ಎಡಕ್ಕೆ. ಡ್ರೋನ್‌ನಲ್ಲಿ ಬಲದ್ದು, ಗಾಗಲ್ಸ್‌ನಲ್ಲಿ ಎಡದ್ದು ಇದ್ದರೆ ಸಿಗ್ನಲ್‌ನ ದೊಡ್ಡ ಪಾಲು ಅಲ್ಲಿಗೇ ಖಲಾಸ್. ಬರೀ ಪವರ್ ಏರಿಸಿ ಗೆಲ್ಲುತ್ತೇನೆ ಅಂದರೆ, ದೂರ ಎರಡು ಪಟ್ಟು ಬೇಕಾದರೆ ಪವರ್ ನಾಲ್ಕು ಪಟ್ಟು ಬೇಕು. ನಮ್ಮ ಚಿತ್ರ ಹೊತ್ತು ತರುವ 5.8 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 5 ಸೆಂಟಿಮೀಟರ್. ಒದ್ದೆ ಎಲೆ, ಗೋಡೆ, ಕೊನೆಗೆ ನಿಮ್ಮದೇ ತಲೆ ಕೂಡ ಅದನ್ನು ತಡೆಯುತ್ತದೆ. ಡ್ರೋನ್‌ಗೆ ಬೆನ್ನು ಹಾಕಿ ಕೂತು ಗಾಗಲ್ಸ್ ಬೈಯುವವರನ್ನು ನಾನು ನೋಡಿದ್ದೇನೆ.

ಇಲ್ಲಿಗೆ ನಿಮಗೆ ಅನ್ನಿಸಿರಬಹುದು, ಇವನು ಹಳೆಯದನ್ನೇ ಕಟ್ಟಿಕೊಂಡು ಕೂರುವ ಜಿಪುಣ ಅಂತ. ಇಲ್ಲ. ಒಂದು ಕಾರಣಕ್ಕೆ ಮಾತ್ರ ನಾನು ಇವತ್ತೇ ಬದಲಾಯಿಸಿ ಅನ್ನುತ್ತೇನೆ. ಅದು ಕಣ್ಣು.

ಎರಡು ಪರದೆಯ ಗಾಗಲ್ಸ್‌ನಲ್ಲಿ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ನಿಮ್ಮ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರಕ್ಕೆ ಅವು ಹೊಂದದಿದ್ದರೆ ಮಿದುಳು ಎರಡನ್ನೂ ಎಳೆದು ಕೂಡಿಸಲು ಒದ್ದಾಡುತ್ತದೆ. ಒಂದು ಬ್ಯಾಟರಿ ಮುಗಿಯುವಷ್ಟರಲ್ಲಿ ಹಣೆ ಹಿಡಿದುಕೊಳ್ಳುತ್ತದೆ. ಪರೀಕ್ಷೆ ಸುಲಭ. ಗಾಗಲ್ಸ್ ಹಾಕಿ, ಒಂದು ಕಣ್ಣು ಮುಚ್ಚಿ, ಚಿತ್ರದ ಮೂಲೆಯಲ್ಲಿ ಬರುವ ಬ್ಯಾಟರಿ ವೋಲ್ಟೇಜ್ ಓದಿ. ಆಮೇಲೆ ಇನ್ನೊಂದು ಕಣ್ಣು. ನಾಲ್ಕೂ ಮೂಲೆ ಎರಡೂ ಕಣ್ಣಿಗೆ ಸ್ಪಷ್ಟ ಕಾಣಬೇಕು. ಎಷ್ಟು ಹೊಂದಿಸಿದರೂ ಕಾಣುವುದಿಲ್ಲ ಅಂದರೆ ಆ ಗಾಗಲ್ಸ್ ನಿಮ್ಮದಲ್ಲ. ಎಷ್ಟೇ ಹೊಸದಾಗಿರಲಿ, ಬಿಡಿ ಅದನ್ನು.

ಕನ್ನಡಕ ಹಾಕುವವರು ಇದನ್ನು ಎರಡು ಸಲ ಕೇಳಿಸಿಕೊಳ್ಳಿ. 2022ರಲ್ಲಿ ಬಂದ, ಡಿಜೆಐ ಕಂಪನಿಯ ಗಾಗಲ್ಸ್ 2ರಲ್ಲಿ ಮೈನಸ್ 8ರಿಂದ ಪ್ಲಸ್ 2ರವರೆಗೆ ಪವರ್ ಅನ್ನು ಗುಂಡಿ ತಿರುಗಿಸಿಯೇ ಹೊಂದಿಸಬಹುದು. ಕಣ್ಣಿನ ಅಂತರ 56ರಿಂದ 72 ಮಿಲಿಮೀಟರ್‌ವರೆಗೆ ಹೊಂದುತ್ತದೆ. ಅದಕ್ಕೂ ಮುಂಚಿನ ಡಿಜೆಐ ಎಫ್‌ಪಿವಿ ಗಾಗಲ್ಸ್‌ನಲ್ಲಿ ಬೇರೆ ಲೆನ್ಸ್ ಮಾಡಿಸಿ ಒಳಗೆ ಕೂರಿಸುವ ಗೋಳು ಇತ್ತು. ಆ ಗೋಳು ಅನುಭವಿಸುತ್ತಿರುವವರಿಗೆ ಇದು ಶೋಕಿ ಅಲ್ಲ, ಅಗತ್ಯ. ಹಾಗೆಯೇ "ದೊಡ್ಡ ಪರದೆ" ಅನ್ನುವ ಮಾತಿಗೆ ಮರುಳಾಗಬೇಡಿ. ಡಿಜೆಐನ ಹಿಂದಿನ ಗಾಗಲ್ಸ್ ವಿ2ರಲ್ಲಿ ನೋಟದ ಅಗಲ 54 ಡಿಗ್ರಿ ಇತ್ತು. ಗಾಗಲ್ಸ್ 2ರಲ್ಲಿ 51. ಆಮೇಲೆ 2024ರಲ್ಲಿ ಬಂದ ಗಾಗಲ್ಸ್ 3ರಲ್ಲಿ 44. ಹೊಸದಾದಂತೆ ಕಿರಿದಾಗಿದೆ! ಹಾಗಂತ ಅದು ಕೆಟ್ಟದ್ದೇನಲ್ಲ. ಮೂಲೆ ಮಸುಕಾಗಿರುವ ಅಗಲ ಚಿತ್ರಕ್ಕಿಂತ ಅಂಚಿನವರೆಗೂ ಸ್ಪಷ್ಟವಾಗಿರುವ ಕಿರಿದು ಚಿತ್ರವೇ ನನಗಿಷ್ಟ.

ಇನ್ನು ಲೇಟೆನ್ಸಿ, ಅಂದರೆ ಕ್ಯಾಮೆರಾ ಕಂಡದ್ದು ನಮ್ಮ ಕಣ್ಣಿಗೆ ಬರುವಷ್ಟರಲ್ಲಿ ಆಗುವ ತಡ. ಇದರ ಹೆಸರಿನಲ್ಲಿ ನಡೆಯುವಷ್ಟು ಜಗಳ ಇನ್ಯಾವುದರಲ್ಲೂ ಇಲ್ಲ. ಲೆಕ್ಕ ಹಾಕೋಣ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. 2019ರಲ್ಲಿ ಡಿಜೆಐ ತನ್ನ ಮೊದಲ ಡಿಜಿಟಲ್ ಎಫ್‌ಪಿವಿ ಸಿಸ್ಟಮ್ ತಂದಾಗ ಹೇಳಿದ್ದು 28 ಮಿಲಿಸೆಕೆಂಡ್. ಅಷ್ಟರಲ್ಲಿ ಡ್ರೋನ್ ಮುಕ್ಕಾಲು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಹೋಗಿರುತ್ತದೆ. ಹತ್ತು ಮಿಲಿಸೆಕೆಂಡ್ ಉಳಿಸಿದರೆ 28 ಸೆಂಟಿಮೀಟರ್ ಉಳಿಯಿತು. ಗೇಟಿನ ಅಂಚು ಸವರಿಕೊಂಡು ಹೋಗುವ ರೇಸರ್‌ಗೆ ಅದು ದೊಡ್ಡದು, ಒಪ್ಪುತ್ತೇನೆ. ಆದರೆ ಕಂಡದ್ದಕ್ಕೆ ಕೈ ಅಲುಗುವುದಕ್ಕೇ ನಮಗೆ ಸುಮಾರು 200 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಐದೂವರೆ ಮೀಟರ್ ಹೋಗಿಯೇ ಬಿಟ್ಟಿರುತ್ತದೆ. ಸಂಜೆ ಹೊತ್ತು ಮೈದಾನದಲ್ಲಿ ನಾಲ್ಕು ಪಲ್ಟಿ ಹೊಡೆಸುವ ನಮ್ಮಂಥವರು ಹತ್ತು ಮಿಲಿಸೆಕೆಂಡ್‌ಗಾಗಿ ತಲೆ ಕೆಡಿಸಿಕೊಳ್ಳುವುದು ನನಗಂತೂ ನಗು ತರಿಸುತ್ತದೆ.

ಡಿಜಿಟಲ್‌ನ ನಿಜವಾದ ಲಾಭ ಬೇರೆಯೇ. ತಂತಿ, ತೆಳ್ಳಗಿನ ಕೊಂಬೆ, ನೆರಳಿನಲ್ಲಿರುವ ಕಂಬಿ, ಇವು ಕಾಣುತ್ತವೆ. ಅನಲಾಗ್‌ನಲ್ಲಿ ಇರುವುದು 480 ಅಥವಾ 576 ಗೆರೆ. ಕಡ್ಡಿಯಷ್ಟು ತೆಳ್ಳಗಿನ ತಂತಿ ಆ ಗೆರೆಗಳ ನಡುವೆ ಕಳೆದೇಹೋಗುತ್ತದೆ. ನಿಮ್ಮ ಹತ್ತು ಕ್ರ್ಯಾಶ್‌ಗಳಲ್ಲಿ ನಾಲ್ಕು ಇಂಥ ಕಾಣದ ತಂತಿ, ಕೊಂಬೆಯಿಂದ ಆಗಿದ್ದರೆ, ಸರಿ, ನಿಮ್ಮ ಕಾಲ ಬಂದಿದೆ.

ಆದರೆ ಆಗಲೂ ಗಾಗಲ್ಸ್ ಎಣಿಸಬೇಡಿ, ಡ್ರೋನ್ ಎಣಿಸಿ. ಗಾಗಲ್ಸ್ ಒಂದೇ. ಆದರೆ ಪ್ರತಿ ಡ್ರೋನ್‌ನ ಹೊಟ್ಟೆಯಲ್ಲೂ ಒಂದು ವಿಟಿಎಕ್ಸ್ (ಚಿತ್ರ ಕಳಿಸುವ ಟ್ರಾನ್ಸ್‌ಮಿಟರ್), ಮೂತಿಯಲ್ಲಿ ಒಂದು ಕ್ಯಾಮೆರಾ ಇದೆ. ಡಿಜೆಐ, ಎಚ್‌ಡಿಝೀರೋ, ವಾಕ್‌ಸ್ನೇಲ್, ಇವು ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗದ ಡಿಜಿಟಲ್ ಮನೆತನಗಳು. ನಾಲ್ಕು ಡ್ರೋನ್ ಇದ್ದರೆ ನಾಲ್ಕನ್ನೂ ಬಿಚ್ಚಿ, ಬೆಸುಗೆ ಹಾಕಿ, ಮತ್ತೆ ಕಟ್ಟಬೇಕು. ಗಾಗಲ್ಸ್‌ನ ಬೆಲೆ ಬರೀ ಮುಂಗಡ ಅಂದುಕೊಳ್ಳಿ.

ಒಂದೇ ಮನೆತನದೊಳಗೂ ನೆಮ್ಮದಿ ಇಲ್ಲ. ಡಿಜೆಐನ ವಿ1, ವಿ2 ಗಾಗಲ್ಸ್ ನೋಡುವುದಕ್ಕೆ ಅಣ್ಣತಮ್ಮಂದಿರಂತೆ ಇವೆ. 2022ರ ನವೆಂಬರ್‌ನಲ್ಲಿ ಓ3 ಏರ್ ಯೂನಿಟ್ (ಡಿಜೆಐನ ವಿಟಿಎಕ್ಸ್) ಬಂತು. ಫರ್ಮ್‌ವೇರ್ ಹಾಕಿದರೆ ವಿ2ಕ್ಕೆ ಅದು ಕಾಣುತ್ತದೆ, ವಿ1ಕ್ಕೆ ಕಾಣುವುದೇ ಇಲ್ಲ. ಗಾಗಲ್ಸ್ ಹಾಳಾಗಿರಲಿಲ್ಲ, ಪರದೆ ಹೊಳೆಯುತ್ತಲೇ ಇತ್ತು. ಸುಮ್ನೆ ಪಂಕ್ತಿಯಿಂದ ಎಬ್ಬಿಸಿದರು. ಇದು ನನಗೆ ಸಿಟ್ಟು ತರಿಸುವ ವಿಷಯ, ಮುಚ್ಚಿಡುವುದಿಲ್ಲ.

ಕಾದವರಿಗೆ ಸಿಕ್ಕಿದ್ದೂ ಇದೆ. 65 ಮಿಲಿಮೀಟರ್‌ನ ಪುಟ್ಟ ವೂಪ್ (ಮನೆಯೊಳಗೂ ಹಾರಿಸುವ ಅಂಗೈಯಗಲದ ಡ್ರೋನ್) ಬ್ಯಾಟರಿ ಬಿಟ್ಟು 20 ಗ್ರಾಂ ಆಸುಪಾಸು ತೂಗುತ್ತದೆ. 2019ರ ಏರ್ ಯೂನಿಟ್ ಒಂದೇ 45 ಗ್ರಾಂ ಹತ್ತಿರ ಇತ್ತು. ಅದನ್ನು ವೂಪ್‌ಗೆ ಕಟ್ಟುವುದು ಅಂದರೆ ಕರುವಿನ ಮೇಲೆ ಎತ್ತನ್ನು ಕೂರಿಸಿದ ಹಾಗೆ. 2025ರ ಜನವರಿಯಲ್ಲಿ ಬಂದ ಓ4 ಏರ್ ಯೂನಿಟ್ 8.2 ಗ್ರಾಂ. ಐದೂವರೆ ವರ್ಷ ಸುಮ್ನೆ ಕೂತಿದ್ದಕ್ಕೆ ಇಷ್ಟು ಹಗುರ! ಹಾಗಂತ ಕಾಯುತ್ತಲೇ ಇದ್ದರೆ ಹಾರಿಸುವುದು ಯಾವಾಗ, ಅದೂ ನಿಜ.

ನಾನು ಬದಲಾಯಿಸಿದ್ದು ಯಾವಾಗ ಗೊತ್ತಾ? ನನ್ನ ಐದಿಂಚಿನ ಕ್ವಾಡ್‌ನ ವಿಟಿಎಕ್ಸ್ ಸುಟ್ಟುಹೋದಾಗ. ಆಂಟೆನಾ ಹಾಕದೇ ಬ್ಯಾಟರಿ ಕೊಟ್ಟಿದ್ದೆ, ನನ್ನದೇ ಪೆದ್ದುತನ. ಹೇಗೂ ಬಿಚ್ಚಬೇಕಿತ್ತು, ಹೇಗೂ ಹೊಸ ವಿಟಿಎಕ್ಸ್ ತರಬೇಕಿತ್ತು. ಆಗ ಡಿಜಿಟಲ್‌ಗೆ ಹೋದೆ. ನಿಮಗೂ ಅದನ್ನೇ ಹೇಳುತ್ತೇನೆ. ಹೊಸ ಗಾಗಲ್ಸ್ ಬಿಡುಗಡೆಯ ದಿನ ನೋಡಬೇಡಿ. ಜಾಸ್ತಿ ಹಾರಿಸುವ ಡ್ರೋನ್ ಯಾವಾಗ ಹೇಗೂ ಟೇಬಲ್ ಮೇಲೆ ಬಿಚ್ಚಿಕೊಂಡು ಮಲಗುತ್ತದೋ ಆ ದಿನ ನೋಡಿ.

ಡಿಜಿಟಲ್‌ಗೆ ಹೋದ ಮೇಲೆ ಒಂದು ಹೊಡೆತ ತಿನ್ನುತ್ತೀರಿ, ಈಗಲೇ ಹೇಳಿರುತ್ತೇನೆ. ಅನಲಾಗ್ ಸಾಯುವ ಮುಂಚೆ ಕೂಗಿ ಹೇಳುತ್ತದೆ. ಹಿಮ ಬೀಳುತ್ತದೆ, ಬಣ್ಣ ಹೋಗುತ್ತದೆ, ಗೆರೆ ಹರಿಯುತ್ತದೆ. ಆದರೂ ಅಂದಾಜಿನಲ್ಲಿ ವಾಪಸ್ ತರಬಹುದು. ನನ್ನ ಡಿಜಿಟಲ್‌ನಲ್ಲಿ ಚಿತ್ರ ಚಂದವಾಗಿಯೇ ಇರುತ್ತದೆ, ಇದ್ದಕ್ಕಿದ್ದ ಹಾಗೆ ಚೌಕ ಚೌಕವಾಗಿ ಒಡೆಯುತ್ತದೆ, ನಿಂತೇಬಿಡುತ್ತದೆ. ಮೊದಲ ವಾರ ನಾನು ಚಂದಕ್ಕೆ ಮರುಳಾಗಿ ಒಂದು ಕಟ್ಟಡದ ಹಿಂದೆ ಹೋಗಿ ಕಳೆದುಕೊಂಡೆ. ಈಗ ಕಣ್ಣು ಚಿತ್ರದ ಮೇಲಲ್ಲ, ಸೆಕೆಂಡಿಗೆ ಎಷ್ಟು ಮಾಹಿತಿ ಬರುತ್ತಿದೆ ಅಂತ ತೋರಿಸುವ ಮೂಲೆಯ ಬಿಟ್‌ರೇಟ್ ಮೇಲೆ.

ಸೆಕೆಂಡ್‌ಹ್ಯಾಂಡ್ ತಗೊಳ್ಳುವವರಿಗೆ ಒಂದು ಮಾತು. ಹಾಕಿಕೊಂಡು ಕ್ಯಾಮೆರಾವನ್ನು ಬಿಳಿ ಗೋಡೆಗೋ ಆಕಾಶಕ್ಕೋ ತಿರುಗಿಸಿ ನೋಡಿ. ನನ್ನ ಹಳೇ ಗಾಗಲ್ಸ್‌ನ ಬಲಗಡೆ ಪರದೆಯಲ್ಲಿ ಎಳ್ಳಿನಷ್ಟು ಕಂದು ಚುಕ್ಕೆ ಇದೆ. ಲೆನ್ಸ್ ಮೇಲ್ಮುಖ ಮಾಡಿ ಬ್ಯಾಗ್ ಮೇಲಿಟ್ಟು ಪ್ರಾಪ್ ಬದಲಾಯಿಸುತ್ತಿದ್ದೆ. ಬಿಸಿಲು ಲೆನ್ಸ್‌ನಿಂದ ನೇರ ಒಳಗೆ ಇಳಿದು ಪರದೆ ಸುಟ್ಟಿತು. ಚಿಕ್ಕವರಿದ್ದಾಗ ಭೂತಗನ್ನಡಿಯಲ್ಲಿ ಕಾಗದ ಸುಡುತ್ತಿದ್ದೆವಲ್ಲ, ಅದೇ. ಅಂಥ ಚುಕ್ಕೆ ಕಂಡರೆ ಕೈ ಮುಗಿದು ವಾಪಸ್ ಕೊಡಿ. ಸ್ಪಂಜು ಹೋಗಿದ್ದರೆ, ಪಟ್ಟಿ ಸಡಿಲವಾಗಿದ್ದರೆ ಚಿಂತೆ ಇಲ್ಲ, ಅವು ಸಿಗುತ್ತವೆ.

ಆ ಚುಕ್ಕೆಯ ಗಾಗಲ್ಸ್ ನಾನು ಮಾರಲಿಲ್ಲ. ವೂಪ್ ಇನ್ನೂ ಅನಲಾಗ್‌ನಲ್ಲೇ ಇದೆ. ಅನಲಾಗ್‌ನಲ್ಲಿ ಒಂದು ಸುಖ ಇದೆ, ಅದೇ ಚಾನಲ್ ಹಾಕಿಕೊಂಡರೆ ಎಷ್ಟು ಜನ ಬೇಕಾದರೂ ನೋಡಬಹುದು. ಈಗ ನಾನು ಇನ್ನೊಂದು ಹಳೇ ಡಬ್ಬಾ ಗಾಗಲ್ಸ್ ಹಾಕಿಕೊಂಡು ವೂಪ್ ಹಾರಿಸುತ್ತೇನೆ, ಅಕ್ಕನ ಮಗ ಚುಕ್ಕೆಯದನ್ನು ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಾನೆ. ಮೊನ್ನೆ ವೂಪ್ ಅಡುಗೆಮನೆ ಗೋಡೆಯ ಆಚೆ ಹೋಗುತ್ತಿದ್ದ ಹಾಗೆ ನನ್ನ ತೋಳು ಎಳೆದ.

"ಮಾಮ, ಮಳೆ ಬರ್ತಿದೆ. ವಾಪಸ್ ಬಾ."