ಗಂಟೆ ಬಾರಿಸಿದ್ದು ಯಾರು?

ಎಲ್ಲರಿಗೂ ನಮಸ್ಕಾರ.

ಗೇಟಿನಿಂದ ಮನೆ ಬಾಗಿಲವರೆಗೆ ಉದ್ದನೆಯ ದಾರಿ ಇರುವವರಿಗೆ ಈ ಕಷ್ಟ ಗೊತ್ತಿರುತ್ತದೆ. ಒಳಗೆ ಮಿಕ್ಸಿ ಓಡುತ್ತಿರುತ್ತದೆ, ಟಿವಿ ಹಾಕಿರುತ್ತದೆ, ನೀವು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರುತ್ತೀರಿ. ಅಷ್ಟರಲ್ಲಿ ಯಾರೋ ಬಂದು, ಕೂಗಿ, ಉತ್ತರ ಸಿಗದೆ ಹೊರಟುಹೋಗಿರುತ್ತಾರೆ. ಕೂಗದೆ ಬಂದವರದು ಇನ್ನೂ ದೊಡ್ಡ ತಲೆನೋವು. ವೈರ್‌ಲೆಸ್ ಡ್ರೈವ್‌ವೇ ಅಲಾರಂ ಇರುವುದು ಇದಕ್ಕಾಗಿ. ದಾರಿಯ ಬದಿಯಲ್ಲೊಂದು ಸೆನ್ಸರ್, ಮನೆಯೊಳಗೊಂದು ರಿಸೀವರ್, ನಡುವೆ ತಂತಿಯಿಲ್ಲ. ಯಾರಾದರೂ ಹಾದುಹೋದರೆ ಸೆನ್ಸರ್ ರೇಡಿಯೋ ಸಂಕೇತ ಕಳಿಸುತ್ತದೆ, ಒಳಗೆ ಗಂಟೆ ಹೊಡೆಯುತ್ತದೆ. ಅಷ್ಟೇ. ಅದು ಕಳ್ಳನನ್ನು ತಡೆಯುವುದಿಲ್ಲ, ಮುಖ ತೋರಿಸುವುದಿಲ್ಲ. "ಯಾರೋ ಬಂದರು, ಎದ್ದು ನೋಡು" ಅನ್ನುತ್ತದೆ.

ಕೊಳ್ಳಲು ಹೋದಾಗ ನಾನು ಮೊದಲು ಕೇಳಿದ್ದು, "ಇದು ಎಷ್ಟು ದೂರ ಮುಟ್ಟುತ್ತದೆ?" ಬಹಳ ಜನ ಕೇಳುವುದೂ ಅದನ್ನೇ. ಕೇಳಬೇಕಿದ್ದದ್ದು ಬೇರೆ. ಯಾರು ಬಂದರೆ ಬಾರಿಸಬೇಕು, ಯಾರು ಬಂದರೆ ಸುಮ್ಮನಿರಬೇಕು? ಅದನ್ನು ಯೋಚಿಸದೆ ತಂದು ಒಂದು ಪೊದೆಯ ಎದುರಿಗೆ ಕೂರಿಸಿದೆ. ಮಧ್ಯಾಹ್ನ ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲ್ಲಾಡಿದರೂ ಗಂಟೆ, ಬೆಕ್ಕು ದಾಟಿದರೂ ಗಂಟೆ. ನಾಲ್ಕನೆಯ ದಿನಕ್ಕೆ ಮನೆಯಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ. ಎರಡನೆಯ ವಾರ ಯಾರೋ ಅದರ ಸದ್ದನ್ನೇ ಪೂರ್ತಿ ತಗ್ಗಿಸಿಟ್ಟಿದ್ದರು. ಯಾರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ತಪ್ಪು ಅವರದಲ್ಲ ಬಿಡಿ.

ನಾನು ತಂದಿದ್ದದ್ದು ಪಿಐಆರ್, ಅಂದರೆ ಪ್ಯಾಸಿವ್ ಇನ್‌ಫ್ರಾರೆಡ್ ಸೆನ್ಸರ್. ಮನೆಗಳಲ್ಲಿ ಹೆಚ್ಚಾಗಿ ಕಾಣುವುದೂ ಇದೇ. ಇದು ತಾನಾಗಿ ಏನನ್ನೂ ಹೊರಸೂಸುವುದಿಲ್ಲ. ನಮ್ಮ ಮೈಯಿಂದ ಸದಾ ಹೊರಡುತ್ತಿರುವ, ಸುಮಾರು 10 ಮೈಕ್ರೋಮೀಟರ್ ತರಂಗಾಂತರದ ಅವಗೆಂಪು ಕಿರಣವನ್ನು ಗಮನಿಸುತ್ತಿರುತ್ತದೆ. ಅದರ ಮುಖದಲ್ಲಿರುವ ಗೀರುಗೀರಾದ ಪ್ಲಾಸ್ಟಿಕ್ ಒಂದು ಮಸೂರ. ಎದುರಿನ ಜಾಗವನ್ನು ಅದು ಬೀಸಣಿಗೆಯ ಮಡಿಕೆಗಳಂತೆ ಪಟ್ಟಿಪಟ್ಟಿಯಾಗಿ ಹಂಚುತ್ತದೆ. ಹಿಂದೆ ಅಕ್ಕಪಕ್ಕ ಎರಡು ಸಣ್ಣ ಗ್ರಾಹಕಗಳು. ಅವನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಬಿಸಿಲೇರಿ ಇಡೀ ಅಂಗಳ ನಿಧಾನಕ್ಕೆ ಕಾದರೆ ಎರಡಕ್ಕೂ ಒಂದೇ ಪೆಟ್ಟು, ಲೆಕ್ಕ ಸರಿಹೋಗುತ್ತದೆ. ಬೆಚ್ಚಗಿನ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದರೆ ಮಾತ್ರ ಏರುಪೇರಾಗಿ ಸಂಕೇತ ಹೊರಡುತ್ತದೆ.

ಇಷ್ಟು ತಿಳಿದರೆ ಎಲ್ಲಿ ಕೂರಿಸಬೇಕೆಂಬುದು ತಾನಾಗಿ ಹೊಳೆಯುತ್ತದೆ. ಸೆನ್ಸರಿನ ಕಡೆಗೇ ನೆಟ್ಟಗೆ ನಡೆದು ಬರುವವನು ಬಹಳ ಹೊತ್ತು ಒಂದೇ ಪಟ್ಟಿಯೊಳಗೆ ಇರುತ್ತಾನೆ, ಹತ್ತಿರ ಬರುವವರೆಗೂ ಅದಕ್ಕೆ ಗೊತ್ತಾಗದು. ಅಡ್ಡಲಾಗಿ ಹಾಯುವವನು ತಕ್ಷಣ ಸಿಕ್ಕಿಬೀಳುತ್ತಾನೆ. ಆದ್ದರಿಂದ ಸೆನ್ಸರ್ ದಾರಿಯುದ್ದಕ್ಕೆ ನೋಡಬಾರದು, ದಾರಿಗೆ ಅಡ್ಡಲಾಗಿ ನೋಡಬೇಕು. ಎದುರಿಗೆ ಗೋಡೆಯೋ ಕಟ್ಟೆಯೋ ಇದ್ದರೆ ಒಳ್ಳೆಯದು, ಅಲ್ಲಾಡುವ ಕೊಂಬೆ ಇರಬಾರದು. ಬೆಳಗಿನ, ಸಂಜೆಯ ಬಿಸಿಲು ನೇರವಾಗಿ ಮುಖಕ್ಕೆ ಬೀಳಬಾರದು. ಸುಮಾರು ಒಂದು ಮೀಟರ್ ಎತ್ತರದಲ್ಲಿ, ನೆಲಕ್ಕೆ ಸಮಾನಾಂತರವಾಗಿ ಕೂರಿಸಿದರೆ ಬೆಕ್ಕು, ಕೋಳಿ, ಸಣ್ಣ ನಾಯಿ ಹೆಚ್ಚಾಗಿ ಅದರ ನೋಟದ ಕೆಳಗೇ ಹೋಗುತ್ತವೆ. ಮಸೂರದ ಎರಡೂ ಅಂಚಿಗೆ ಕಪ್ಪು ಟೇಪ್ ಅಂಟಿಸಿ ನೋಟವನ್ನು ಕಿರಿದು ಮಾಡಬಹುದು. ನನ್ನ ಮನೆಯ ಸಮಸ್ಯೆ ಅರ್ಧಕ್ಕರ್ಧ ಬಗೆಹರಿದದ್ದು ಆ ಟೇಪಿನಿಂದಲೇ.

ಮಳೆಯಲ್ಲಿ ನೆನೆಯದಿರಲೆಂದು ಕೆಲವರು ಇದನ್ನು ಕಿಟಕಿಯ ಒಳಗಿಟ್ಟು ಗಾಜಿನ ಮೂಲಕ ಹೊರಗೆ ನೋಡಿಸುತ್ತಾರೆ. ಆಗುವುದಿಲ್ಲ. ಗಾಜಿನ ಆಚೆಯದು ನಮ್ಮ ಕಣ್ಣಿಗೆ ಕಂಡರೂ ಈ ಶಾಖದ ಕಿರಣಕ್ಕೆ ಗಾಜು ಗೋಡೆಯಿದ್ದಂತೆ. ಇನ್ನೊಂದು ಮಿತಿಯೂ ಇದೆ. ಗಾಳಿಯೇ 36, 37 ಡಿಗ್ರಿಗೆ ಏರಿದ ದಿನ ಮನುಷ್ಯನ ಮೈಗೂ ಹಿನ್ನೆಲೆಗೂ ವ್ಯತ್ಯಾಸ ಉಳಿಯುವುದಿಲ್ಲ, ಸೆನ್ಸರ್ ಮಂಕಾಗುತ್ತದೆ.

"ನನಗೆ ವಾಹನ ಬಂದದ್ದು ತಿಳಿದರೆ ಸಾಕು, ಉಳಿದ ಗಲಾಟೆ ಬೇಡ" ಅನ್ನುವವರು ಕಾಂತೀಯ ಸೆನ್ಸರ್ ನೋಡಬೇಕು. ಇದನ್ನು ದಾರಿಯ ಪಕ್ಕದಲ್ಲಿ ಮಣ್ಣೊಳಗೆ ಹೂಳುತ್ತಾರೆ. ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆ ಹರಡಿರುವಂಥದ್ದು, ದೊಡ್ಡ ಕಬ್ಬಿಣದ ರಾಶಿಯೊಂದು ಹತ್ತಿರ ಚಲಿಸಿದರೆ ಅದು ಕದಡುತ್ತದೆ. ಹಸು, ನಾಯಿ, ಗಾಳಿ, ಬಿಸಿಲು ಯಾವುದಕ್ಕೂ ಇದು ಮಿಸುಕುವುದಿಲ್ಲ. ಚಲನೆಯಿಂದಾಗುವ ಬದಲಾವಣೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಪಕ್ಕದಲ್ಲಿ ನಿಲ್ಲಿಸಿದ ಕಾರಿಗೂ ತಲೆಕೆಡಿಸಿಕೊಳ್ಳುವುದಿಲ್ಲ. ಸುಳ್ಳು ಗಂಟೆ ತೀರಾ ಕಡಿಮೆ. ಆದರೆ ನಡೆದು ಬರುವವನು ಇದರ ಪಾಲಿಗೆ ಇಲ್ಲವೇ ಇಲ್ಲ, ಸೈಕಲ್ ಕೂಡ ತಪ್ಪಿಸಿಕೊಳ್ಳಬಹುದು. ಅದರ ಅಳವು ಕೆಲವೇ ಮೀಟರ್, ಹಾಗೆಂದು ಗೇಟಿಗೆ ತೀರಾ ಅಂಟಿಕೊಂಡು ಹೂತರೆ ಹೊರಗಿನ ರಸ್ತೆಯ ಲಾರಿಗೂ ಬಾರಿಸೀತು.

ಕಿರಣ ಕಡಿದರೆ ಬಾರಿಸುವ ಜೋಡಿ ಕಂಬಗಳೂ ಇವೆ. ಎರಡೂ ಕಡೆ ವಿದ್ಯುತ್ ಬೇಕು, ಎದುರುಬದುರು ಕರಾರುವಾಕ್ಕಾಗಿ ಕೂರಬೇಕು, ದಟ್ಟ ಮಂಜಿಗೆ ಎಡವುತ್ತವೆ. ಹಿಂದೆ ಅಮೆರಿಕದ ಪೆಟ್ರೋಲ್ ಬಂಕುಗಳಲ್ಲಿ ಗಾಡಿ ರಬ್ಬರ್ ಕೊಳವೆಯ ಮೇಲೆ ಹತ್ತಿದರೆ ಒಳಗೆ ಟಿಣ್ ಅನ್ನುತ್ತಿತ್ತು, ಆ ಉಪಾಯವೂ ಉಳಿದಿದೆ. ಮನೆಗೆ ಅವೆರಡನ್ನೂ ನಾನು ಹೇಳುವುದಿಲ್ಲ.

ಈಗ ದೂರದ ವಿಷಯ. ಡಬ್ಬದ ಮೇಲೆ ಬರೆದಿರುವುದು ಬಯಲಿನ ಲೆಕ್ಕ. ನಡುವೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಗೋಡೆ, ತಗಡಿನ ಶೆಡ್, ಒದ್ದೆ ಎಲೆಗಳ ಮರ ಬಂದರೆ ಅದು ಎಷ್ಟೋ ಪಾಲು ಕುಗ್ಗುತ್ತದೆ. ಇವುಗಳಲ್ಲಿ ಹಲವು ಓಡುವುದು 433, 868 ಅಥವಾ 915 ಮೆಗಾಹರ್ಟ್ಸ್ ರೇಡಿಯೋ ಆವರ್ತನದಲ್ಲಿ. ಅಮೆರಿಕದಲ್ಲಿ 151ರಿಂದ 155 ಮೆಗಾಹರ್ಟ್ಸ್ ನಡುವಿನ ಕೆಲವು ಚಾನೆಲ್‌ಗಳನ್ನು ಪರವಾನಗಿ ಇಲ್ಲದೆ ಬಳಸಬಹುದು, ಮರಗಿಡ ದಾಟಿ ದೂರ ಮುಟ್ಟುವುದರಲ್ಲಿ ಅವು ಮೇಲು. ಯಾವ ದೇಶದಲ್ಲಿ ಯಾವುದಕ್ಕೆ ಅನುಮತಿ ಎಂಬ ನಿಯಮ ಬೇರೆಬೇರೆ, ಬೇರೆ ದೇಶದಿಂದ ತರಿಸುವ ಮುಂಚೆ ಅದನ್ನು ನೋಡಿಕೊಳ್ಳಿ. ಸಂಕೇತ ಕಳಿಸುವ ಸೆನ್ಸರನ್ನು ಕಬ್ಬಿಣದ ಗೇಟಿಗೋ ಕಂಬಕ್ಕೋ ಅಂಟಿಸಬೇಡಿ, ನಡುವೆ ಒಂದು ಮರದ ತುಂಡು ಕೊಟ್ಟು ದೂರವಿಡಿ. ರಿಸೀವರ್ ಫ್ರಿಜ್ಜಿನ ಹಿಂದೆ ಬೇಡ, ಗೇಟಿನ ಕಡೆಯ ಕಿಟಕಿಯ ಬಳಿ ಇರಲಿ. ಮೊಳೆ ಹೊಡೆಯುವ ಮುಂಚೆ ಒಬ್ಬರು ಸೆನ್ಸರ್ ಹಿಡಿದು ಗೇಟಿಗೆ ಹೋಗಿ, ಇನ್ನೊಬ್ಬರು ಫೋನ್ ಹಿಡಿದು ಒಳಗೆ ನಿಲ್ಲಿ. ಬಾಗಿಲು ಮುಚ್ಚಿ, ಕಾರನ್ನು ದಿನಾ ನಿಲ್ಲಿಸುವ ಕಡೆಯೇ ನಿಲ್ಲಿಸಿ, ಹತ್ತು ಸಲ ಪರೀಕ್ಷಿಸಿ.

ಸೆನ್ಸರನ್ನು ಎಲ್ಲಿ ಇಟ್ಟರೆ ನಿಮಗೆ ಎಷ್ಟು ಪುರುಸೊತ್ತು ಸಿಗುತ್ತದೆ ಎಂಬುದು ಸಣ್ಣ ಗಣಿತ. ಗಂಟೆಗೆ 20 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಐದೂವರೆ ಮೀಟರ್ ಬರುತ್ತದೆ. ಸೆನ್ಸರ್ ಬಾಗಿಲಿಂದ 50 ಮೀಟರ್ ದೂರವಿದ್ದರೆ ನಿಮಗೆ ಒಂಬತ್ತು ಸೆಕೆಂಡು. ನಡೆದು ಬರುವವರಾದರೆ ಸುಮಾರು 35. ಒಲೆ ಆರಿಸಿ, ಕೈ ಒರೆಸಿಕೊಂಡು ಬರಲು ಒಂಬತ್ತು ಸಾಲದು.

ಎರಡು ಸೆನ್ಸರ್ ಜೋಡಿಸಿ, ಒಂದೊಂದಕ್ಕೆ ಒಂದೊಂದು ರಾಗ ಕೊಡುವ ಸೌಲಭ್ಯವಿದ್ದರೆ ಬಳಸಿಕೊಳ್ಳಿ. ಗೇಟಿನದು ಮೊದಲು, ಬಾಗಿಲಿನದು ಆಮೇಲೆ ಬಾರಿಸಿದರೆ ಬರುತ್ತಿದ್ದಾರೆ, ತಿರುಗುಮುರುಗಾದರೆ ಹೋಗುತ್ತಿದ್ದಾರೆ. ಒಂದು ವಾರದಲ್ಲಿ ಕಿವಿಗೆ ರೂಢಿಯಾಗುತ್ತದೆ.

ಈ ಸಾಧನಗಳಲ್ಲಿ ಬಹುಪಾಲು ಒಮ್ಮುಖ. ಸೆನ್ಸರ್ ಕೂಗುತ್ತದೆ, ಕೇಳಿಸಿತೋ ಇಲ್ಲವೋ ಅದಕ್ಕೆ ತಿಳಿಯದು. ಬ್ಯಾಟರಿ ಸತ್ತರೂ ಯಾರೂ ಬರದೇ ಇದ್ದರೂ ಮನೆಯೊಳಗೆ ಒಂದೇ ಮೌನ. ಹಾಗಾಗಿ ವಾರಕ್ಕೊಮ್ಮೆ ನೀವೇ ಅದರ ಮುಂದೆ ಹಾದು ನೋಡಿ. ಮೈನಸ್ ಚಳಿ ಬೀಳುವ ಕಡೆ ಮಾಮೂಲಿ ಆಲ್ಕಲೈನ್ ಬ್ಯಾಟರಿ ಸೊರಗುತ್ತದೆ, ತಯಾರಕರು ಒಪ್ಪಿದರೆ ಲಿಥಿಯಂ ಹಾಕಿ. ಹೊರಗಿಡುವ ಪೆಟ್ಟಿಗೆಯ ಮೇಲೆ ಐಪಿ 65 ಎಂದಿದ್ದರೆ ಧೂಳು ಒಳಹೋಗದು, ನೀರಿನ ಎರಚಲೂ ತಡೆಯುತ್ತದೆ. ಆದರೆ ಜೇಡಕ್ಕೆ ಐಪಿ ಗೊತ್ತಿಲ್ಲ, ಮಸೂರದ ಮೇಲೇ ಬಲೆ ಕಟ್ಟುತ್ತದೆ. ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸಿ.

ಈ ಮೇಜಿನ ಮೇಲೆ ಒಂದು ಪಿಐಆರ್ ಸೆನ್ಸರ್ ಇಟ್ಟಿದ್ದೇನೆ, ರಿಸೀವರ್ ಆ ಮೂಲೆಯಲ್ಲಿದೆ. ಹಿಂದಿನ ಸಾಲಿನವರು ಯಾರಾದರೂ ಎದ್ದು ಬನ್ನಿ. ಮೊದಲು ಸೆನ್ಸರಿನ ಕಡೆಗೇ ನೆಟ್ಟಗೆ, ನಿಧಾನವಾಗಿ ಬನ್ನಿ, ಎಷ್ಟನೆಯ ಹೆಜ್ಜೆಗೆ ಗಂಟೆ ಕೇಳಿತೆಂದು ಉಳಿದವರು ಎಣಿಸಿ. ಆಮೇಲೆ ಹಿಂದೆ ಹೋಗಿ, ಅಷ್ಟೇ ದೂರದಲ್ಲಿ ಅಡ್ಡಲಾಗಿ ನಡೆಯಿರಿ.