ಉಪ್ಪಿಲ್ಲದೆ ಒಣಗುವ ಮೀನು

ಕೇಳುಗರಿಗೆ ನಮಸ್ಕಾರ. ನಾರ್ವೆಯ ಲೋಫೋಟೆನ್ ದ್ವೀಪಸಾಲಿನ ತುತ್ತತುದಿಯಲ್ಲಿ ರೋಸ್ಟ್ ಇದೆ. ಐನೂರು ಜನರೂ ಇಲ್ಲದ ಊರು, ಆದರೂ ಅದಕ್ಕೊಂದು ಸ್ವಂತ ಸ್ಥಳೀಯಾಡಳಿತ. ಆರ್ಕ್ಟಿಕ್ ವೃತ್ತದಿಂದ ಆಚೆಗಿದ್ದರೂ ಬೆಚ್ಚನೆಯ ಸಾಗರಪ್ರವಾಹದಿಂದಾಗಿ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಊರಿನ ಅನ್ನ ಹುಟ್ಟುವುದು ಈ ಹವೆಯಿಂದಲೇ.

ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ಇತ್ತ ಬರುತ್ತದೆ. ಹಿಡಿದ ಮೀನಿನ ತಲೆ ತೆಗೆದು, ಹೊಟ್ಟೆ ಬಗೆದು, ತೊಳೆದು, ಒಂದೇ ಗಾತ್ರದ ಎರಡೆರಡನ್ನು ಬಾಲಕ್ಕೆ ಬಾಲ ಸೇರಿಸಿ ಹುರಿಯಿಂದ ಕಟ್ಟುತ್ತಾರೆ. ಆ ಜೋಡಿಗಳು ಬಯಲಿನ ಮರದ ಅಟ್ಟಣೆಗಳ ಗಳುಗಳ ಮೇಲೆ ತೂಗುತ್ತವೆ. ನಮ್ಮ ಕರಾವಳಿಯ ಒಣಮೀನಿನಂತೆ ಉಪ್ಪು ಬೀಳುವುದಿಲ್ಲ, ಒಣಗಿಸುವ ಕೆಲಸವೆಲ್ಲ ಗಾಳಿಯದು. ಒಂದಕ್ಕೊಂದು ಅಂಟಿ ನಿಂತರೆ ಅಂಟಿದ ಜಾಗ ಹಸಿಯಾಗಿಯೇ ಉಳಿದು ಕೊಳೆಯುತ್ತದೆ, ಹಾಗಾಗಿ ನಡುವೆ ಗಾಳಿಯಾಡಲು ಜಾಗ ಬೇಕು.

ಕೆಡುವುದು ಎರಡು ದಿಕ್ಕಿನಿಂದ. ಕಡುಚಳಿ ಬಿದ್ದರೆ ಮಾಂಸದೊಳಗಿನ ನೀರು ಹೆಪ್ಪುಗಟ್ಟಿ, ಹರಳುಗಳು ಎಳೆಗಳನ್ನು ಸೀಳುತ್ತವೆ. ಒಣಗಿದ ಮೇಲೆ ಮೀನು ಸ್ಪಂಜಿನಂತೆ ಸಡಿಲ. ಬೇಗ ಬಿಸಿಲೇರಿದರೆ ನೊಣ ಬಂದು ಮೊಟ್ಟೆಯಿಡುತ್ತದೆ. ತೇವ ತುಂಬಿ ಗಾಳಿ ಸತ್ತ ದಿನಗಳು ಉದ್ದಕ್ಕೆ ಬಂದರೆ ಬೂಸ್ಟು. ಒಳ್ಳೆಯ ಗಾಳಿಯಿದ್ದರೆ ಒಂದಿಷ್ಟು ಮಳೆ, ಹಿಮ ಏನೂ ಮಾಡದು. ನೊಣದ ಕಾಲಕ್ಕೆ ಮೊದಲೇ ಮೀನಿನ ಹೊರಮೈ ಗಟ್ಟಿಯಾಗಿರಬೇಕು, ಆದ್ದರಿಂದ ತಡವಾಗಿ ನೇತುಹಾಕಿದ್ದಕ್ಕೆ ಅಪಾಯ ಹೆಚ್ಚು.

ಬೇಸಿಗೆಯ ಹೊತ್ತಿಗೆ ಇಳಿಸಿ, ಗಾಳಿಯಾಡುವ ಗೋದಾಮಿನಲ್ಲಿ ಇನ್ನೂ ಎರಡು ಮೂರು ತಿಂಗಳು ಇಡುತ್ತಾರೆ. ಸುಮಾರು 5 ಕಿಲೋ ಹಸಿಮೀನು 1 ಕಿಲೋಗೆ ಇಳಿಯುತ್ತದೆ. ಆಮೇಲೆ ದರ್ಜೆ ವಿಂಗಡಿಸುವವರ ಕೆಲಸ. ಉದ್ದ, ದಪ್ಪ, ರಕ್ತದ ಕಲೆ, ಕುತ್ತಿಗೆ ಮತ್ತು ಹೊಟ್ಟೆಯ ವಾಸನೆ ನೋಡಿ ಸುಮಾರು 20 ದರ್ಜೆಗಳಿಗೆ ಹಂಚುತ್ತಾರೆ. ಯಂತ್ರಕ್ಕಿಂತ ಅವರ ಮೂಗನ್ನೇ ಇಂದಿಗೂ ನಂಬುತ್ತಾರೆ, ಅದು ಸರಿಯೂ ಹೌದು. ಉತ್ತಮ ದರ್ಜೆ ಇಟಲಿಗೆ, ಒಣಗಿದ ತಲೆಗಳು ನೈಜೀರಿಯಾಕ್ಕೆ.

ಇಟಲಿಯ ನಂಟು ಹಳೆಯದು. ವೆನಿಸ್‌ನ ವರ್ತಕ ಪಿಯೆತ್ರೊ ಕ್ವೆರಿನಿಯ ಹಡಗು ಮುಳುಗಿ, ಬದುಕುಳಿದವರು 1432ರ ಆರಂಭದಲ್ಲಿ ಇಲ್ಲಿ ದಡ ಸೇರಿದರು. ಈ ಒಣಮೀನಿನ ಬಗ್ಗೆ ಆತನೇ ಬರೆದಿಟ್ಟಿದ್ದಾನೆ.

ಅಡುಗೆಗೆ ಮುನ್ನ ಇದನ್ನು ಗರಗಸದಿಂದ ತುಂಡರಿಸಿ, ಐದಾರು ದಿನ ತಣ್ಣೀರಿನಲ್ಲಿ ನೆನೆಸಬೇಕು. ನೀರನ್ನು ದಿನವೂ ಬದಲಿಸಬೇಕು, ಪಾತ್ರೆ ಫ್ರಿಜ್‌ನಲ್ಲಿರಬೇಕು. ಬೆಚ್ಚಗಿನ ಅಡುಗೆಮನೆಯಲ್ಲಿಟ್ಟರೆ ನೆನೆಯುವ ಮೊದಲೇ ನಾರುತ್ತದೆ.